ಹನ್ನೊಂದು ಅಂಕಿಗಳ ಹಾರ

ಮಂಗಳೂರಿನ ಕಡೆಯಿಂದ ಹೊರಟ ಗೂಡ್ಸ್ ರೈಲು ಕಬಕ ಪುತ್ತೂರು, ನರಿಮೊಗರು ದಾಟಿ ಕಾಣಿಯೂರಿನ ಸಣ್ಣ ನಿಲ್ದಾಣದ ಎದುರು ಹಾದುಹೋಗುತ್ತದೆ. ಮುಂದೆ ಎಡಮಂಗಲ, ಕೋಡಿಂಬಾಳ. ಆಮೇಲೆ ನೆಟ್ಟಣದಲ್ಲಿರುವ ಸುಬ್ರಹ್ಮಣ್ಯ ರೋಡ್. ಅಲ್ಲಿ ಹಿಂದಿನಿಂದ ನೂಕುವ ಇಂಜಿನ್ನುಗಳನ್ನು ಸೇರಿಸಿಕೊಂಡು ಗಾಡಿ ಸಕಲೇಶಪುರದ ಘಟ್ಟ ಹತ್ತುತ್ತದೆ. ಈ ದಾರಿ ಮೀಟರ್ ಗೇಜ್ ಆಗಿ ಪೂರ್ಣಗೊಂಡದ್ದು 1979ರಲ್ಲಿ. ಬ್ರಾಡ್‌ಗೇಜ್ ಆದ ಮೇಲೆ ಪ್ರಯಾಣಿಕರ ರೈಲು ಮತ್ತೆ ಘಟ್ಟ ಹತ್ತಿದ್ದು 2007ರಲ್ಲಿ. ಗೂಡ್ಸ್ ಗಾಡಿ ಹೋಗುವಾಗ ಮಕ್ಕಳು ವ್ಯಾಗನ್ ಎಣಿಸುತ್ತಾರೆ. ಆದರೆ ಒಂದೊಂದು ವ್ಯಾಗನ್ನಿನ ಮೈಮೇಲೂ ಬಣ್ಣದಲ್ಲಿ ಬರೆದ ಒಂದು ದೊಡ್ಡ ಸಂಖ್ಯೆ ಇರುತ್ತದೆ. ಹನ್ನೊಂದು ಅಂಕಿಗಳ ಆ ಸಂಖ್ಯೆಯನ್ನು ನಿಂತು ಓದುವವರು ಕಡಿಮೆ.

ಅದನ್ನು ಓದುವ ಕ್ರಮ ಹೀಗೆ. ಮೊದಲ ಎರಡು ಅಂಕಿ ವ್ಯಾಗನ್ನಿನ ಜಾತಿ ಹೇಳುತ್ತವೆ: ತೆರೆದದ್ದೋ, ಮುಚ್ಚಿದ್ದೋ, ಟ್ಯಾಂಕರೋ ಎಂದು. ಮುಂದಿನ ಎರಡು ಅದು ಯಾವ ರೈಲ್ವೆ ವಲಯದ್ದು ಎಂದು, ಅದರ ಮುಂದಿನ ಎರಡು ತಯಾರಾದ ವರ್ಷ, ಆಮೇಲಿನ ನಾಲ್ಕು ಆ ವ್ಯಾಗನ್ನಿನ ಸ್ವಂತ ನಂಬರು. ಇಷ್ಟಕ್ಕೆ ಹತ್ತು ಅಂಕಿ ಮುಗಿಯಿತು. ಹನ್ನೊಂದನೆಯ ಅಂಕಿ ವ್ಯಾಗನ್ನಿನ ಬಗ್ಗೆ ಹೊಸದೇನನ್ನೂ ಹೇಳುವುದಿಲ್ಲ. ಉಳಿದ ಹತ್ತನ್ನು ಸರಿಯಾಗಿ ಬರೆದಿದ್ದಾರೆಯೇ ಎಂದು ಕಾಯುವುದೇ ಅದರ ಕೆಲಸ.

ಕೇಳುಗರು ಪೆನ್ಸಿಲ್ ಹಿಡಿದರೆ ಒಳ್ಳೆಯದು. ಉದಾಹರಣೆಗೆಂದೇ ಕಟ್ಟಿದ ಹತ್ತು ಅಂಕಿ ಬರೆದುಕೊಳ್ಳಿ: 3, 1, 0, 9, 0, 7, 1, 2, 3, 4. ಎಡದಿಂದ ಎಣಿಸಿ ಎರಡನೆಯ, ನಾಲ್ಕನೆಯ, ಆರನೆಯ, ಎಂಟನೆಯ, ಹತ್ತನೆಯ ಅಂಕಿಗಳನ್ನು ಕೂಡಿಸಿ. 1, 9, 7, 2, 4 ಸೇರಿ 23. ಅದರ ಮೂರು ಪಟ್ಟು 69. ಇನ್ನು ಬೆಸ ಸ್ಥಾನದಲ್ಲಿ ಉಳಿದವು 3, 0, 0, 1, 3, ಒಟ್ಟು 7. ಎರಡೂ ಸೇರಿ 76. ಅದು 80 ಆಗಲು ಬೇಕಾದದ್ದು 4. ಆ 4 ಹನ್ನೊಂದನೆಯ ಅಂಕಿಯಾಗಿ ಕೊನೆಗೆ ಕೂರುತ್ತದೆ. ಯಾರೋ ಅವಸರದಲ್ಲಿ ಏಳನೆಯ, ಎಂಟನೆಯ ಅಂಕಿಗಳನ್ನು ಅದಲುಬದಲು ಮಾಡಿ 1, 2 ಬದಲು 2, 1 ಎಂದು ಬರೆದರೆ ಮೊತ್ತ 74 ಆಗುತ್ತದೆ. ಕೊನೆಗೆ 6 ಇರಬೇಕಿತ್ತು, ಇರುವುದು 4. ಕಂಪ್ಯೂಟರು ಆ ಸಂಖ್ಯೆಯನ್ನು ಒಪ್ಪುವುದಿಲ್ಲ.

ಇಲ್ಲಿ ನಡೆಯುವುದು ಇಷ್ಟೇ: ಒಂದು ದೊಡ್ಡ ಸಂಖ್ಯೆಯಿಂದ ಒಂದು ಮೊತ್ತ ಕಟ್ಟಿ, ಅದನ್ನು ಹತ್ತರಿಂದ ಭಾಗಿಸಿ, ಶೇಷ ನೋಡುವುದು. ದೊಡ್ಡ ಸಂಖ್ಯೆ ಎಂದರೆ ಜನ ಮೊದಲು ಕೇಳುವುದು ಅದು ಎಷ್ಟು ಕೋಟಿ ಎಂದು. ಗಣಿತ ಬಲ್ಲವರು ಕೇಳುವುದು ಬೇರೆ: ಅದು ಯಾವುದರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ, ಆಗದಿದ್ದರೆ ಏನು ಉಳಿಯುತ್ತದೆ? ಸಂಖ್ಯೆಯ ಗುಣ ತಿಳಿಯುವುದು ಈ ಎರಡನೆಯ ಪ್ರಶ್ನೆಯಿಂದ.

ಕಾಣಿಯೂರಿನವರಿಗೆ ಶೇಷದ ಲೆಕ್ಕ ಹೊಸದಾಗಿ ಹೇಳಬೇಕಾದದ್ದಲ್ಲ. ಉಡುಪಿಯ ಅಷ್ಟಮಠಗಳಲ್ಲಿ ಒಂದಕ್ಕೆ ಇದೇ ಊರಿನ ಹೆಸರು. ಕೃಷ್ಣಮಠದ ಪೂಜೆಯ ಹೊಣೆ ಎರಡೆರಡು ವರ್ಷಕ್ಕೆ ಮಠದಿಂದ ಮಠಕ್ಕೆ ಹೋಗುವ ಪರ್ಯಾಯದ ಕ್ರಮ ವಾದಿರಾಜರ ಕಾಲದಲ್ಲಿ, 1522ರಲ್ಲಿ, ಪಲಿಮಾರಿನಿಂದ ಆರಂಭವಾಯಿತು. ಎಂಟು ಮಠ, ಎರಡೆರಡು ವರ್ಷ. ಹದಿನಾರಕ್ಕೆ ಒಂದು ಸುತ್ತು. ಹಾಗಾಗಿ ಇಸವಿಯನ್ನು 16ರಿಂದ ಭಾಗಿಸಿದಾಗ ಶೇಷ 2 ಬಂದರೆ ಆ ಜನವರಿಯಲ್ಲಿ ಪಲಿಮಾರು ಪೀಠವೇರುತ್ತದೆ, ಶೇಷ 14 ಬಂದರೆ ಕಾಣಿಯೂರು. 1522ಕ್ಕೆ ಶೇಷ 2, 2018ಕ್ಕೂ 2. 2014ಕ್ಕೆ ಶೇಷ 14. ಆ ವರ್ಷ ಕಾಣಿಯೂರಿನ ಸರದಿಯಾಗಿತ್ತು. ಮುಂದಿನದು 2030ಕ್ಕೆ. ನಡುವಿನ ಸುತ್ತುಗಳನ್ನೆಲ್ಲ ಎಣಿಸುತ್ತ ಕೂರಬೇಕಾಗಿಲ್ಲ.

ಈಗ ವ್ಯಾಗನ್ ನಂಬರಿನಷ್ಟೇ ಉದ್ದದ, ಹನ್ನೊಂದೇ ಅಂಕಿಗಳ ಇನ್ನೊಂದು ಸಂಖ್ಯೆ. ಇದಕ್ಕೆ ಸಾವಿರದ ನೂರು ವರ್ಷಕ್ಕೂ ಮೇಲ್ಪಟ್ಟ ವಯಸ್ಸು, ಹುಟ್ಟಿದ್ದು ಕನ್ನಡ ನಾಡಿನ ಆಸ್ಥಾನದಲ್ಲಿ. ಒಂದರಿಂದ ಆರರವರೆಗೆ ಏರಿ, ಮತ್ತೆ ಒಂದಕ್ಕೆ ಇಳಿಯುವ ಸಂಖ್ಯೆ: 12345654321. ಬಾಯಲ್ಲಿ ಹೇಳಿದರೆ ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು.

ಇದನ್ನು ಗ್ರಂಥಕ್ಕೆ ತಂದವನು ಮಹಾವೀರಾಚಾರ್ಯ. ಕವಿರಾಜಮಾರ್ಗ ಹುಟ್ಟಿದ ಆಸ್ಥಾನದ ದೊರೆ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನನ್ನು ಕೊಂಡಾಡಿ ಅವನು ‘ಗಣಿತಸಾರಸಂಗ್ರಹ’ವನ್ನು ಬರೆದದ್ದು 9ನೇ ಶತಮಾನದ ನಡುವಿನಲ್ಲಿ. ರಾಜಧಾನಿ ಮಾನ್ಯಖೇಟ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಗ್ರಹಗಣಿತವನ್ನು ಬೆರೆಸದೆ ಗಣಿತಕ್ಕೇ ಮೀಸಲಿಟ್ಟ ಒಂಬತ್ತು ಅಧ್ಯಾಯಗಳ ಸಂಸ್ಕೃತ ಗ್ರಂಥ ಅದು. ಗುಣಾಕಾರದ ಲೆಕ್ಕಗಳಲ್ಲಿ ಅವನು ಕೆಲವು ವಿಶೇಷ ಗುಣಲಬ್ಧಗಳನ್ನು ಆರಿಸಿಕೊಂಡು ಅವನ್ನು ಕಂಠಾಭರಣ ಎಂದು ಕರೆಯುತ್ತಾನೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಅವು ಒಂದೇ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳ ಸಾಲು. 142857143ನ್ನು ಏಳರಿಂದ ಗುಣಿಸಿದರೆ ಎರಡು ತುದಿಗೆ ಒಂದೊಂದು ಒಂದು, ನಡುವೆ ಎಂಟು ಸೊನ್ನೆ. ನಮ್ಮ ಹನ್ನೊಂದು ಅಂಕಿಗಳ ಹಾರಕ್ಕೆ ಅವನು ಕೊಟ್ಟ ಲೆಕ್ಕ 27994681 ಗುಣಿಸು 441.

ಇಂಥ ಲೆಕ್ಕವನ್ನು ಒಮ್ಮೆ ಮಾಡಿ ಉತ್ತರ ಚೆಂದ ಎಂದು ಪುಟ ತಿರುಗಿಸುವವರೇ ಹೆಚ್ಚು. ಸ್ವಲ್ಪ ಹೊತ್ತು ಅಲ್ಲೇ ನಿಂತರೆ ಅದರ ಒಳಗು ಕಾಣುತ್ತದೆ.

441 ಎಂದರೆ 21ರ ವರ್ಗ. 27994681 ಕೂಡ ವರ್ಗವೇ, 5291ರ ವರ್ಗ. ಹಾಗಾದರೆ ಗುಣಲಬ್ಧ 21 ಮತ್ತು 5291ರ ಗುಣಲಬ್ಧದ ವರ್ಗ. ಅಂದರೆ 111111ರ ವರ್ಗ. ಆರು ಒಂದುಗಳನ್ನು ಆರು ಒಂದುಗಳಿಂದ ಶಾಲೆಯಲ್ಲಿ ಕಲಿತ ಹಾಗೆ ಗುಣಿಸಿ ನೋಡಿ. ಒಂದರ ಕೆಳಗೆ ಒಂದರಂತೆ ಆರು ಸಾಲು, ಪ್ರತಿ ಸಾಲೂ ಒಂದು ಮನೆ ಎಡಕ್ಕೆ ಸರಿದದ್ದು. ಬಲತುದಿಯ ಕಂಬದಲ್ಲಿ ಒಂದೇ ಒಂದು, ಮುಂದಿನದರಲ್ಲಿ ಎರಡು, ಹೀಗೆ ನಡುವಿನ ಕಂಬದಲ್ಲಿ ಆರು, ಮತ್ತೆ ಇಳಿಕೆ. ಎಲ್ಲೂ ದಶಕ ಇಲ್ಲದ್ದರಿಂದ ಏರಿಳಿತ ಕೆಡುವುದಿಲ್ಲ. ಒಂಬತ್ತು ಒಂದುಗಳವರೆಗೆ ಇದು ಹೀಗೇ ನಡೆಯುತ್ತದೆ. ಹತ್ತು ಒಂದುಗಳನ್ನು ಇಟ್ಟರೆ ನಡುವಿನ ಕಂಬದಲ್ಲಿ ಹತ್ತು ಬಂದು ದಶಕ ಎಡಕ್ಕೆ ಹೋಗುತ್ತದೆ, ಹಾರ ಹರಿಯುತ್ತದೆ.

ಒಂಬತ್ತರವರೆಗೆ ಹೋಗಬಹುದಾಗಿದ್ದರೂ ಆರರ ಆಯ್ಕೆ ಎಷ್ಟು ಸೊಗಸಾದದ್ದು ಎಂಬುದು ಏಳು ಒಂದುಗಳನ್ನು ಇಟ್ಟು ನೋಡಿದರೆ ತಿಳಿಯುತ್ತದೆ. 1111111ಕ್ಕೆ ಇರುವ ಅವಿಭಾಜ್ಯ ಅಪವರ್ತನಗಳು ಎರಡೇ: 239 ಮತ್ತು 4649. ಒಡೆದು ಬೇರೆ ಬೇರೆ ರೀತಿಯಲ್ಲಿ ಜೋಡಿಸಲು ಅಲ್ಲಿ ಅವಕಾಶವೇ ಇಲ್ಲ. ಆರು ಒಂದುಗಳಾದರೋ 3, 7, 11, 13, 37 ಎಂಬ ಐದು ಪುಟ್ಟ ಅವಿಭಾಜ್ಯಗಳ ಗುಣಲಬ್ಧ. ವರ್ಗವಾದಾಗ ಪ್ರತಿಯೊಂದೂ ಎರಡೆರಡು ಸಲ ಬರುತ್ತದೆ. ಮಹಾವೀರ ಅವುಗಳಲ್ಲಿ 3 ಮತ್ತು 7ನ್ನು ಒಂದು ಕಡೆಗೆ ಇಟ್ಟ, 441 ಆಯಿತು. 11, 13, 37ನ್ನು ಇನ್ನೊಂದು ಕಡೆಗೆ ಇಟ್ಟ, 27994681 ಆಯಿತು. ಹಾರವನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಗಳು ಒಟ್ಟು ಎಷ್ಟು? ಪ್ರತಿ ಅವಿಭಾಜ್ಯವನ್ನು ತೆಗೆದುಕೊಳ್ಳದೆ ಇರಬಹುದು, ಒಂದು ಸಲ ತೆಗೆದುಕೊಳ್ಳಬಹುದು, ಎರಡು ಸಲವೂ ತೆಗೆದುಕೊಳ್ಳಬಹುದು. ಐದು ಅವಿಭಾಜ್ಯಗಳಿಗೆ ಮೂರು ಮೂರು ದಾರಿ; ಒಟ್ಟು 243. ಭಾಜಕಗಳ ಎಣಿಕೆ ಬೆಸವಾಗುವುದು ವರ್ಗಸಂಖ್ಯೆಗಳಿಗೆ ಮಾತ್ರ.

ಭಾಗಾಕಾರ ಮಾಡದೆಯೇ ಇದನ್ನು ಪರೀಕ್ಷಿಸಲು ಒಂದು ದಾರಿಯಿದೆ. ಅದಕ್ಕೆ ಬೇಕಾದದ್ದು 1001. ಏಳು, ಹನ್ನೊಂದು, ಹದಿಮೂರನ್ನು ಗುಣಿಸಿದರೆ ಬರುವುದು ಅದೇ. ಸಾವಿರ ಅದಕ್ಕಿಂತ ಒಂದೇ ಕಡಿಮೆ. ಆದ್ದರಿಂದ ದೊಡ್ಡ ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಿಗಳ ಗುಂಪು ಮಾಡಿ, ಒಂದು ಗುಂಪನ್ನು ಕೂಡಿ, ಮುಂದಿನದನ್ನು ಕಳೆದು, ಅದರ ಮುಂದಿನದನ್ನು ಕೂಡಿ ಹೋದರೆ ಸಾಕು. ಹಾರದ ಗುಂಪುಗಳು 12, 345, 654, 321. 321ರಲ್ಲಿ 654 ಕಳೆದು, 345 ಕೂಡಿ, 12 ಕಳೆಯಿರಿ. ಸೊನ್ನೆ. ಅಲ್ಲಿಗೆ 7, 11, 13 ಮೂರರಿಂದಲೂ ಸಂಖ್ಯೆ ಭಾಗವಾಗುತ್ತದೆ ಎಂದಾಯಿತು. ಕಳೆಯದೆ ಎಲ್ಲ ಗುಂಪುಗಳನ್ನೂ ಕೂಡಿದರೆ 1332, ಅಂದರೆ 36 ಸಲ 37. ಹಾಗಾಗಿ 37ರಿಂದಲೂ ಭಾಗ. ಅಂಕಿಗಳನ್ನು ಬಿಡಿಬಿಡಿಯಾಗಿ ಕೂಡಿದರೆ 36, ಒಂಬತ್ತರಿಂದಲೂ ಭಾಗ. ಸಾವಿರ ಕೋಟಿಗೂ ಮೀರಿದ ಸಂಖ್ಯೆಯ ಒಳಗನ್ನು ಒಂದು ಚೀಟಿಯ ಮೇಲೆ, ಕೂಡುವುದು ಕಳೆಯುವುದರಲ್ಲೇ ಬಿಡಿಸಿಟ್ಟಂತಾಯಿತು.

ಈ ಹಾರವನ್ನು ವ್ಯಾಗನ್ನಿನ ಮೇಲೆ ಬರೆದರೆ ರೈಲ್ವೆ ಒಪ್ಪುತ್ತದೆಯೇ? ಸಮ ಸ್ಥಾನದ ಅಂಕಿಗಳು 2, 4, 6, 4, 2; ಮೊತ್ತ 18, ಮೂರು ಪಟ್ಟು 54. ಬೆಸ ಸ್ಥಾನದ ಮೊದಲ ಐದು 1, 3, 5, 5, 3, ಮೊತ್ತ 17. ಎರಡೂ ಸೇರಿ 71. ಕೊನೆಗೆ 9 ಇರಬೇಕು, ಇರುವುದು 1. ಒಪ್ಪುವುದಿಲ್ಲ. ಒಂದು ಸಂಖ್ಯೆ ಏಳು, ಹನ್ನೊಂದು, ಹದಿಮೂರಕ್ಕೆ ಎಷ್ಟು ವಿಧೇಯವಾಗಿದ್ದರೂ ಹತ್ತರ ಪರೀಕ್ಷೆಯಲ್ಲಿ ಅದಕ್ಕೆ ರಿಯಾಯಿತಿ ಇಲ್ಲ.

ದೊಡ್ಡ ಸಂಖ್ಯೆಗಳನ್ನು ಹೆಸರು ಹಿಡಿದು ಕರೆಯಲು ಮಹಾವೀರ ಇಪ್ಪತ್ತನಾಲ್ಕು ಸ್ಥಾನಗಳನ್ನು ಪಟ್ಟಿ ಮಾಡಿದ್ದಾನೆ. ಏಕ, ದಶ, ಶತದಿಂದ ಹೊರಟು ಕೋಟಿ, ಅರ್ಬುದ, ಖರ್ವ, ಪದ್ಮ, ಶಂಖಗಳನ್ನು ದಾಟಿ ಕೊನೆಯದು ಮಹಾಕ್ಷೋಭ: ಒಂದರ ಮುಂದೆ ಇಪ್ಪತ್ತಮೂರು ಸೊನ್ನೆ. ಗಣಿತವನ್ನು ಕನ್ನಡದಲ್ಲೇ ಬರೆದ ರಾಜಾದಿತ್ಯ ಬಂದದ್ದು 12ನೇ ಶತಮಾನದಲ್ಲಿ. ಅವನ ‘ವ್ಯವಹಾರಗಣಿತ’ ಕನ್ನಡಿಗರು ಹೆಮ್ಮೆಪಡಬೇಕಾದ ಪುಸ್ತಕ. ಗಣಿತಸಾರಸಂಗ್ರಹವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಿಂದ ಪ್ರಕಟಿಸಿದರು. ಪದ್ಮಾವತಮ್ಮನವರ ಕನ್ನಡ ಅನುವಾದ ಹೊಂಬುಜದಿಂದ ಹೊರಬಂತು. ನಮ್ಮ ಹೈಸ್ಕೂಲುಗಳ ಗಣಿತದ ಪಾಠದಲ್ಲಿ ಈ ಹಾರಗಳಿಗೆ ಒಂದು ದಿನವಾದರೂ ಜಾಗ ಸಿಗಬೇಕು. ಅಪವರ್ತನ ಎಂದರೆ ಏನು ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ಸುಲಭಕ್ಕೆ ಸಿಗುವುದಿಲ್ಲ.

ಮಹಾಕ್ಷೋಭವನ್ನೂ ಮೀರಿದ ಸಂಖ್ಯೆಯೊಂದು ಬೆಂಗಳೂರಿನ ಹೆಣ್ಣುಮಗಳೊಬ್ಬಳ ಬಾಯಿಂದ ಬಂತು. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಶಕುಂತಲಾ ದೇವಿಯವರ ಮುಂದೆ ಹದಿಮೂರು ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು ಇಟ್ಟರು. ಅಲ್ಲಿನ ಕಂಪ್ಯೂಟರ್ ವಿಭಾಗ ಹಾಗೇ ಸುಮ್ಮನೆ ಆರಿಸಿದ ಸಂಖ್ಯೆಗಳವು: 7686369774870 ಮತ್ತು 2465099745779. ಇಪ್ಪತ್ತೆಂಟು ಸೆಕೆಂಡಿನಲ್ಲಿ ಅವರು ಕೊಟ್ಟ ಉತ್ತರ 18947668177995426462773730. ಇಪ್ಪತ್ತಾರು ಅಂಕಿ, ಮಹಾವೀರನ ಹೆಸರುಗಳು ಮುಗಿದ ಮೇಲೆ ಇನ್ನೂ ಎರಡು ಮನೆ.

ಆ ವೇಗ ನಮಗೆ ಬರುವುದಿಲ್ಲ. ಆದರೆ ಆ ಉತ್ತರವನ್ನು ಪರೀಕ್ಷಿಸುವುದು ಏಳನೇ ತರಗತಿಯ ಹುಡುಗಿಗೂ ಸಾಧ್ಯ. ಮೊದಲ ಸಂಖ್ಯೆಯ ಅಂಕಿಗಳ ಮೊತ್ತ 78. ಒಂಬತ್ತರಿಂದ ಭಾಗಿಸಿದರೆ ಶೇಷ 6. ಎರಡನೆಯದರ ಮೊತ್ತ 74, ಶೇಷ 2. ಆರು ಎರಡಲ ಹನ್ನೆರಡು. ಒಂಬತ್ತು ಹೋದರೆ 3. ಉತ್ತರದ ಇಪ್ಪತ್ತಾರು ಅಂಕಿಗಳ ಮೊತ್ತ 138. ಅದರ ಶೇಷವೂ 3. ತಾಳೆಯಾಯಿತು. ಈ ಒಂಬತ್ತರ ಪರೀಕ್ಷೆ 10ನೇ ಶತಮಾನದ ಎರಡನೆಯ ಆರ್ಯಭಟನ ‘ಮಹಾಸಿದ್ಧಾಂತ’ದಲ್ಲೇ ಇದೆ. ಅದಕ್ಕೊಂದು ಕುಂದೂ ಇದೆ. ಅಕ್ಕಪಕ್ಕದ ಎರಡು ಅಂಕಿಗಳನ್ನು ಅದಲುಬದಲು ಮಾಡಿದರೆ ಮೊತ್ತ ಬದಲಾಗದು, ತಪ್ಪು ಹಾಗೇ ನುಸುಳಿಹೋಗುತ್ತದೆ. ಅದಕ್ಕೆ ಹನ್ನೊಂದರ ಪರೀಕ್ಷೆ ಬೇಕು: ಬಲತುದಿಯಿಂದ ಒಂದು ಅಂಕಿ ಕೂಡಿ, ಮುಂದಿನದನ್ನು ಕಳೆಯುತ್ತ ಹೋಗುವುದು. ಲಂಡನ್ನಿನ ಎರಡನೆಯ ಸಂಖ್ಯೆಗೆ ಇದನ್ನು ಮಾಡಿದರೆ ಸೊನ್ನೆ ಬರುತ್ತದೆ, ಅಂದರೆ ಅದು ಹನ್ನೊಂದರ ಅಪವರ್ತ್ಯ. ಹಾಗಿದ್ದರೆ ಗುಣಲಬ್ಧವೂ ಹನ್ನೊಂದರಿಂದ ಭಾಗವಾಗಲೇಬೇಕು. ಶಕುಂತಲಾ ದೇವಿಯವರ ಇಪ್ಪತ್ತಾರು ಅಂಕಿಗಳನ್ನು ಹೀಗೆ ಕೂಡಿ ಕಳೆದರೆ ಕೊನೆಗೆ ಉಳಿಯುವುದು ಸೊನ್ನೆಯೇ.

ಪಂಚಾಂಗ ಬರೆಯುವವರ ದೊಡ್ಡ ಸಂಖ್ಯೆ ಅಹರ್ಗಣ, ಕಲಿಯುಗ ಆರಂಭವಾದಂದಿನಿಂದ ಕಳೆದ ದಿನಗಳ ಎಣಿಕೆ. ಕಲಿಯ ಮೊದಲ ದಿನ ಕ್ರಿಸ್ತಪೂರ್ವ 3102ರ ಫೆಬ್ರವರಿ 18, ಶುಕ್ರವಾರ. ಅಹರ್ಗಣವನ್ನು ಏಳರಿಂದ ಭಾಗಿಸಿ ಶೇಷ ಸೊನ್ನೆಯಾದರೆ ಶುಕ್ರವಾರ, ಒಂದಾದರೆ ಶನಿವಾರ, ಹೀಗೆ. ಒಂದು ದಿನ ನೋಡೋಣ: 1956ರ ನವೆಂಬರ್ 1. ದಕ್ಷಿಣ ಕನ್ನಡ ಮದರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ, ಕಾಸರಗೋಡು ಕೇರಳಕ್ಕೆ ಹೋದ ದಿನ. ಅಂದಿನ ಅಹರ್ಗಣ 18,47,313. ಮಹಾವೀರನ ಹಾರಕ್ಕೆ ಬಳಸಿದ 1001ರ ಉಪಾಯ ಇಲ್ಲೂ ಕೆಲಸಕ್ಕೆ ಬರುತ್ತದೆ. ಮೂರು ಮೂರರ ಗುಂಪು: 1, 847, 313. ಕೂಡಬೇಕಾದ ಗುಂಪುಗಳ ಮೊತ್ತ 314, ಕಳೆಯಬೇಕಾದದ್ದು 847, ಕೊರತೆ 533. ಅದನ್ನು ಏಳರಿಂದ ಭಾಗಿಸಿದರೆ ಉಳಿಯುವುದು 1. ಕೊರತೆಯ ಒಂದಾದ್ದರಿಂದ ಏಳರಲ್ಲಿ ಒಂದು ಕಳೆದು ಶೇಷ 6. ಶುಕ್ರವಾರದಿಂದ ಆರು ಮುಂದೆ ಹೋದರೆ ಗುರುವಾರ. 1956ರ ಕ್ಯಾಲೆಂಡರ್ ತೆಗೆದು ನೋಡಿದರೂ ಆ ದಿನ ಗುರುವಾರವೇ.

ವ್ಯಾಗನ್ನಿನ ನಿಯಮದಲ್ಲೂ ಒಂದು ದೌರ್ಬಲ್ಯ ಉಳಿದಿದೆ. ಯಾವುದೇ ಒಂದು ಅಂಕಿ ತಪ್ಪಾದರೆ ಅದು ಖಂಡಿತ ಹಿಡಿಯುತ್ತದೆ. ಒಂದರ ಪಟ್ಟಿನಲ್ಲಾಗಲಿ ಮೂರರ ಪಟ್ಟಿನಲ್ಲಾಗಲಿ ಒಂದಂಕಿಯ ವ್ಯತ್ಯಾಸ ಹತ್ತರ ಮಡಿಯಾಗದು. ಆದರೆ ಅಕ್ಕಪಕ್ಕದ 1 ಮತ್ತು 6 ಅದಲುಬದಲಾದರೆ? ಅಥವಾ 2 ಮತ್ತು 7? ಅವುಗಳ ವ್ಯತ್ಯಾಸ ಐದು, ಮೊತ್ತ ಬದಲಾಗುವುದು ಸರಿಯಾಗಿ ಹತ್ತು, ಶೇಷ ಕದಲುವುದಿಲ್ಲ. ಅಂಗಡಿಯ ಸಾಮಾನಿನ ಬಾರ್‌ಕೋಡಿಗೂ ಇದೇ ಗತಿ. ಭಾರತದಲ್ಲಿ ನೋಂದಣಿಯಾದ ಬಾರ್‌ಕೋಡುಗಳು 890ರಿಂದ ಆರಂಭವಾಗುವ ಹದಿಮೂರು ಅಂಕಿಯವು, ಅವುಗಳ ಕೊನೆಯ ಅಂಕಿಯೂ ಒಂದು ಮೂರು, ಒಂದು ಮೂರು ಎಂಬ ಇದೇ ಪಟ್ಟಿನಿಂದ ಬರುತ್ತದೆ. 1986ರಲ್ಲಿ ಪುತ್ತೂರಿನಲ್ಲಿ ಶುರುವಾದ ಕ್ಯಾಂಪ್ಕೊ ಕಾರ್ಖಾನೆಯ ಚಾಕೊಲೇಟ್ ಕೊಂಡವರು ಹೊದಿಕೆ ಎಸೆಯುವ ಮೊದಲು ಆ ಅಂಕಿಗಳನ್ನು ಕೂಡಿ ನೋಡಬಹುದು.

ಈ ಬಿರುಕನ್ನು ಮುಚ್ಚಿದವರು ನೆದರ್ಲೆಂಡ್ಸಿನ ಗಣಿತಜ್ಞ ಯಾಕೋಬಸ್ ವರ್ಹೂಫ್, 1969ರಲ್ಲಿ. ಕೂಡುವಾಗ ಮೂರು ಮತ್ತು ಐದು, ಐದು ಮತ್ತು ಮೂರು ಎರಡೂ ಒಂದೇ ಆಗುವುದರಿಂದಲೇ ಅದಲುಬದಲು ಸಿಕ್ಕಿಬೀಳದೆ ಹೋಗುತ್ತದೆ ಎಂಬುದನ್ನು ಅವರು ಹಿಡಿದರು. ಐದು ಮೂಲೆಯ ಒಂದು ರಟ್ಟನ್ನು ತಿರುಗಿಸಿ ಆಮೇಲೆ ಮಗುಚಿದರೆ ಒಂದು ಸ್ಥಿತಿ, ಮೊದಲು ಮಗುಚಿ ಆಮೇಲೆ ತಿರುಗಿಸಿದರೆ ಇನ್ನೊಂದು. ಹಾಗೆ ತಿರುಗಿಸುವ, ಮಗುಚುವ ಬಗೆಗಳು ಒಟ್ಟು ಹತ್ತು. ನಮ್ಮ ಅಂಕಿಗಳೂ ಹತ್ತು. ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳಿಗೆ ಒಂದೊಂದು ಚಲನೆಯನ್ನು ಹಂಚಿ, ಕೂಡುವುದರ ಬದಲು ಒಂದರ ಮೇಲೊಂದು ಚಲನೆ ಮಾಡುತ್ತ ಹೋದರು. ಸ್ಥಾನಕ್ಕೆ ತಕ್ಕಂತೆ ಅಂಕಿಗಳನ್ನು ಬದಲಿಸುವ ಇನ್ನೊಂದು ಕ್ರಮವನ್ನೂ ಅದರ ಜೊತೆಗೆ ಸೇರಿಸಿದರು. ಒಂದು ಅಂಕಿಯ ತಪ್ಪೂ ಉಳಿಯದು, ಅಕ್ಕಪಕ್ಕದ ಅದಲುಬದಲೂ ಉಳಿಯದು.

ಆಧಾರ್ ಕಾರ್ಡಿನ ಹನ್ನೆರಡನೆಯ ಅಂಕಿ ಈ ವರ್ಹೂಫ್ ನಿಯಮದಿಂದಲೇ ಹುಟ್ಟಿದ್ದು. ಮೊದಲ ಅಂಕಿ ಸೊನ್ನೆ ಅಥವಾ ಒಂದು ಆಗಿರುವುದಿಲ್ಲ. ಅಲ್ಲಿಗೆ ಮೊದಲ ಮನೆಗೆ ಎಂಟು ಆಯ್ಕೆ, ಮುಂದಿನ ಹತ್ತು ಮನೆಗಳಿಗೆ ಹತ್ತು ಹತ್ತು, ಕೊನೆಯದಕ್ಕೆ ಆಯ್ಕೆಯೇ ಇಲ್ಲ. ಸಾಧ್ಯವಿರುವ ಆಧಾರ್ ಸಂಖ್ಯೆಗಳು ಒಟ್ಟು 8,000 ಕೋಟಿ. ಸೊಸೈಟಿಯಲ್ಲಿಯೋ ಪಂಚಾಯತಿನಲ್ಲಿಯೋ ಕುಳಿತ ಗುಮಾಸ್ತೆ ಹನ್ನೆರಡು ಅಂಕಿಗಳನ್ನು ಒತ್ತುವಾಗ ಒಂದು ಬೆರಳು ಜಾರಿದರೆ, ಆ ಸಂಖ್ಯೆ ಇನ್ನೊಬ್ಬರ ಹೆಸರಿಗೆ ಹೋಗುವ ಮೊದಲೇ, ಕೊನೆಯ ಅಂಕಿ ತಾಳೆಯಾಗದೆ ಪರದೆಯ ಮೇಲೆ ತಪ್ಪು ಕಾಣಿಸಿಕೊಳ್ಳುತ್ತದೆ.